ಹಿಂದಿನ ಎಡಸೀಟು

ಮೂವತ್ತು ವರ್ಷ ಮುಂಬೈ ಪಕ್ಕದ ಠಾಣೆ ಊರಿನ ಒಂದು ವಿಮಾ ಕಚೇರಿಯಲ್ಲಿ ವಾಹನ ಅಪಘಾತದ ಕ್ಲೇಮುಗಳನ್ನು ಪರಿಶೀಲಿಸಿದವಳು ನಾನು. ಎದುರು ಬಂದು ಕೂತವನ ಮೊದಲ ಮಾತು ಸುಳ್ಳು ಎಂದುಕೊಂಡೇ ಫೈಲು ತೆರೆಯಬೇಕು, ಅದು ಆ ಕೆಲಸದ ಮೊದಲ ಪಾಠ. ನಿವೃತ್ತಿಯಾದ ಮೇಲೂ ಆ ಪಾಠ ನನ್ನನ್ನು ಬಿಡಲಿಲ್ಲ. ತರಕಾರಿಯವನ ತಕ್ಕಡಿ, ಪ್ಲಂಬರನ ನಿಟ್ಟುಸಿರು, ಸೊಸೈಟಿ ಸೆಕ್ರೆಟರಿಯ ನಗು, ಯಾವುದನ್ನೂ ನಾನು ಸುಮ್ಮನೆ ನಂಬಿದವಳಲ್ಲ. ಅಂಥವಳ ಸ್ವಂತ ಕಾರೇ ಬಾಲ ಅಲ್ಲಾಡಿಸತೊಡಗಿದರೆ ಬಿಡುತ್ತೇನೆಯೇ?

ಕಾರಿಗೆ ಹತ್ತೊಂಬತ್ತು ವರ್ಷ. ಕೊಂಡವರು ನನ್ನ ಗಂಡ. ಉಡುಪಿ ಕಡೆಯಿಂದ ಹುಡುಗನಾಗಿ ಬಂದು, ಕಲ್ಯಾಣದ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದು, ಕೊನೆಗೆ ಅದೇ ಹೋಟೆಲಿನ ಮ್ಯಾನೇಜರಾದವರು. ಕಾರು ಕೊಂಡರೇ ಹೊರತು ಸ್ಟಿಯರಿಂಗ್ ಮುಟ್ಟಲಿಲ್ಲ. "ನೀನು ಕಲಿ ಮಾರಾಯ್ತಿ, ನನಗೆ ಅದೆಲ್ಲ ಆಗುದಿಲ್ಲ" ಎಂದು ನನ್ನನ್ನೇ ಡ್ರೈವಿಂಗ್ ಸ್ಕೂಲಿಗೆ ಅಟ್ಟಿದರು. ನಾನು ಕಲಿತೆ. ಲೈಸೆನ್ಸ್ ಬಂದ ದಿನ ಹೆಮ್ಮೆಯಿಂದ ಮುಂದಿನ ಬಾಗಿಲು ತೆರೆದರೆ, ಇವರು ಹಿಂದಿನ ಎಡಬಾಗಿಲು ತೆರೆದು ಒಳಗೆ ಕೂತರು. ಹೋಟೆಲಿನ ಧಣಿಗಳು ಕೂರುವ ಜಾಗ ಅದು. ಅಂದಿನಿಂದ ಅವರ ಸೀಟು ಬದಲಾಗಲಿಲ್ಲ. ನೋಡಿದವರಿಗೆ ಅವರು ಧಣಿ, ನಾನು ಡ್ರೈವರ್.

"ಯಾಕೆ ಹಿಂದೆ?" ಎಂದು ಒಮ್ಮೆ ಕೇಳಿದ್ದೆ.

"ಹಿಂದೆ ಗಾಳಿ ಒಳ್ಳೆ ಬರ್ತದೆ" ಎಂದರು.

ಕ್ಲೇಮು ಫಾರ್ಮಿನಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಅಲ್ಲೇ ಕೆಂಪು ಗೆರೆ ಎಳೆಯುತ್ತಿದ್ದೆ. ಹೆಂಡತಿ ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂರಲು ಈ ಮನುಷ್ಯನಿಗೆ ನಾಚಿಕೆ ಎಂದು ಅಂದೇ ತೀರ್ಮಾನಿಸಿದೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮರೆಯಲೂ ಇಲ್ಲ.

ನಾವಿರುವುದು ಡೊಂಬಿವಲಿಯಲ್ಲಿ, ಮಗನ ಸಂಸಾರ ಕಾಮೋಠೆಯಲ್ಲಿ. ಪ್ರತಿ ಭಾನುವಾರ ಶಿಳ್ ಫಾಟಾ ದಾಟಿ ತಳೋಜೆ ಮೇಲಿಂದ ಹೋಗುವುದು, ಸಂಜೆ ಮೊಮ್ಮಗಳನ್ನು ಕಾರಿನಲ್ಲಿ ಪಾರ್ಕಿಗೆ ಕರೆದೊಯ್ಯುವುದು. ಇಡೀ ವಾರ ನಾನು ಕಾಯುತ್ತಿದ್ದದ್ದು ಆ ಒಂದು ಗಂಟೆಗೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನ ಹಿಂಭಾಗ ತಕರಾರು ಶುರು ಮಾಡಿತು. ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಕುಸಿದು ಒಂದು ಕ್ಷಣ ತಡವಾಗಿ ಹಿಂದೆ ಬರುತ್ತಿತ್ತು. ಗುಂಡಿ ಹಾರಿದರೆ ಎರಡು ಮೂರು ಸಲ ತೂಗುತ್ತಿತ್ತು. ಹಿಂದಿನಿಂದ ಇವರು ಬಾಗಿಲ ಮೇಲಿನ ಹಿಡಿಕೆ ಹಿಡಿದು "ಸ್ಸ್" ಎಂದು ಉಸಿರೆಳೆಯುವುದು ಕೇಳುತ್ತಿತ್ತು.

ಒಂದು ಭಾನುವಾರ ಮಗ ಪಾರ್ಕಿಂಗಿನಲ್ಲೇ ನನ್ನನ್ನು ತಡೆದ. "ಅಮ್ಮಾ, ಬುರಾ ಮತ್ ಮಾನ್. ಇನ್ಮೇಲೆ ಬೇಬಿ ನಿನ್ನ ಗಾಡಿಯಲ್ಲಿ ಬೇಡ. ನಿಂಗೂ ವಯಸ್ಸಾಯ್ತು, ಗಾಡಿಗೂ ಆಯ್ತು. ಬೇಚ್ ಡಾಲ್ತೇ ಹೈ ನಾ, ಮಾರಿಬಿಡೋಣ?"

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಮೊಮ್ಮಗಳು ಬಾಲ್ಕನಿಯಿಂದ ಕೈಬೀಸುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಇಷ್ಟು ದಿನ ಇಲ್ಲದ ಮಾತು ಈಗೇಕೆ? ಯಾರೋ ಕಿವಿಯೂದಿದ್ದಾರೆ. ಕಾರಿನಲ್ಲಿ ಇರುವುದು ಇಬ್ಬರು, ನಾನಂತೂ ಊದಿಲ್ಲ. ಮನೆಗೆ ಬಂದವಳೇ ಇವರ ಫೋನು ನೋಡಿದೆ. ನಾನು ಸ್ನಾನಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಮಗನಿಗೆ ಮೂರು ಕರೆ ಹೋಗಿದ್ದವು. ಮನೆಯೊಳಗೇ ಕಳ್ಳ!

ಮರುದಿನದಿಂದ ಪರಿಶೀಲನೆಗಿಳಿದೆ. ಟಯರಿನ ಗಾಳಿ ನೋಡಿಸಿದೆ, ಸರಿಯಿತ್ತು. ಸ್ಟೇಷನ್ ಹತ್ತಿರದ ಗ್ಯಾರೇಜಿನವನು ಚಕ್ರದ ಅಲೈನ್‌ಮೆಂಟ್ ತಪ್ಪಿದೆ ಎಂದ. ಮಾಡಿಸಿದ ಮೇಲೂ ಭಾನುವಾರ ಬಾಲ ತೂಗಿತು. ಅವನೂ ಮಗನ ಕಡೆಯವನಿರಬಹುದೇ ಎಂದು ಸಹ ಯೋಚಿಸಿದೆ, ನನ್ನ ಬುದ್ಧಿಗಿಷ್ಟು! ವಿಚಿತ್ರವೆಂದರೆ, ನಾನೊಬ್ಬಳೇ ಉಲ್ಹಾಸನಗರದ ಮಾರ್ಕೆಟ್ಟಿಗೆ ಹೋಗಿ ಬಂದರೆ ಕಾರು ಸಾಧುವಾಗಿ ಓಡುತ್ತಿತ್ತು. ಇವರು ಹಿಂದೆ ಕೂತರೆ ಮಾತ್ರ ರೋಗ. ಹಾಗಾದರೆ ಒಂದೋ ಇವರ ಉಸಿರಿಗೆ ಹೆದರಿ ನನ್ನ ಕೈಯೇ ನಡುಗುತ್ತಿದೆ, ಇಲ್ಲವೇ ಇವರೇ ಅಲ್ಲಿ ಕೂತು ಏನೋ ಮಾಡುತ್ತಿದ್ದಾರೆ. ನನ್ನ ಕೈ ನಡುಗುತ್ತಿದ್ದರೆ ಮಗನ ಮಾತೇ ಸರಿ. ಅದನ್ನು ನೆನೆದು ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಕುಚ್ಚಲಕ್ಕಿ. ಊರಿನಿಂದ ಬಸ್ಸಿನಲ್ಲಿ ತರಿಸಿದ್ದ ಇಪ್ಪತ್ತೈದು ಕಿಲೋದ ಮೂರು ಚೀಲ ಅಡುಗೆಮನೆ ಮೂಲೆಯಲ್ಲಿದ್ದವು. ಮೂರೂ ಸೇರಿದರೆ ಹೆಚ್ಚುಕಡಿಮೆ ಒಬ್ಬ ಗಂಡ. ಇವರು ಹಳೆಯ ಹೋಟೆಲ್ ಗೆಳೆಯರನ್ನು ನೋಡಲು ಕಲ್ಯಾಣಕ್ಕೆ ಹೋದ ಬೆಳಿಗ್ಗೆ, ವಾಚ್‌ಮನ್‌ನನ್ನು ಕರೆದು ಚೀಲಗಳನ್ನು ಹಿಂದಿನ ಎಡಸೀಟಿನಲ್ಲಿ ಪೇರಿಸಿ ಬೆಲ್ಟು ಬಿಗಿದೆ. ವಾಚ್‌ಮನ್ ಒಂದು ಥರ ನೋಡಿದ.

ಶಿಳ್ ರಸ್ತೆಯ ಮೊದಲ ತಿರುವಿನಲ್ಲೇ ಬಾಲ ಕುಸಿಯಿತು! ಅಕ್ಕಿಚೀಲ ಹಿಡಿಕೆ ಹಿಡಿಯುವುದಿಲ್ಲ, "ಸ್ಸ್" ಎನ್ನುವುದಿಲ್ಲ, ಕದ್ದು ಮಗನಿಗೆ ಫೋನು ಮಾಡುವುದಿಲ್ಲ. ಕಾರು ಬದಿಗೆ ನಿಲ್ಲಿಸಿ ಬೆವರು ಸುರಿಸಿ ಚೀಲಗಳನ್ನು ಬಲಗಡೆಗೆ ಎಳೆದೆ. ಮತ್ತೆ ಓಡಿಸಿದರೆ ಕಾರು ಸಾಧು. ನನ್ನ ಕೈಯದ್ದಲ್ಲ ತಪ್ಪು! ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಅಲ್ಲಿಂದ ನೇರ ಉಲ್ಹಾಸನಗರದ ಒಬ್ಬ ಹಳೆಯ ಮೆಕ್ಯಾನಿಕ್‌ನ ಬಳಿ ಹೋದೆ. ನಮ್ಮ ಮನೆಯ ಯಾರಿಗೂ ಅವನ ಪರಿಚಯವಿಲ್ಲ ಎಂಬುದೇ ಅವನ ಅರ್ಹತೆ. ಅವನು ಚೀಲ ಇಳಿಸಿ, ಡಿಕ್ಕಿಯ ಬಲಮೂಲೆಯನ್ನು ಅದುಮಿ ಬಿಟ್ಟ. ಮೇಲೆ ಬಂದು ಅಲ್ಲೇ ನಿಂತಿತು. ಎಡಮೂಲೆ ಅದುಮಿ ಬಿಟ್ಟ. ತೊಟ್ಟಿಲಿನಂತೆ ತೂಗಿತು. ಚಕ್ರದ ಮೇಲಿನ ಸಂದಿಗೆ ಕೈಯಿಟ್ಟು ತೋರಿಸಿದ, ಬಲಗಡೆ ನಾಲ್ಕು ಬೆರಳು ಹಿಡಿದರೆ ಎಡಗಡೆ ಎರಡೇ. ಟಯರಿನ ಮೇಲೆ ನನ್ನ ಅಂಗೈ ಆಡಿಸಲು ಹೇಳಿದ, ಅಲ್ಲಲ್ಲಿ ತಗ್ಗು. ಎಡಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿ ಸತ್ತಿತ್ತು, ಸ್ಪ್ರಿಂಗು ಕುಗ್ಗಿ ಕೂತಿತ್ತು. ಓಡಿಸುವವರೊಬ್ಬರೇ ಇದ್ದರೆ ತಡೆಯುತ್ತಿತ್ತು, ಆ ಮೂಲೆಯ ಮೇಲೆ ಭಾರ ಬಿದ್ದರೆ ಇಲ್ಲ.

"ಆಂಟಿ, ಇಧರ್ ರೋಜ್ ಕೌನ್ ಬೈಠ್ತಾ ಹೈ?" ಎಂದು, ಆ ಎಡಸೀಟಿನಲ್ಲಿ ದಿನಾ ಕೂರುವವರು ಯಾರೆಂದು ಕೇಳಿದ.

"ಸೇಠ್" ಎಂದೆ, ಹಲ್ಲು ಕಚ್ಚಿ.

ಸಾಮಾನು ಬರಲು ನಾಲ್ಕು ದಿನ ಬೇಕು, ಅಲ್ಲಿಯವರೆಗೆ ಹಿಂದೆ ಯಾರೂ ಕೂರಬಾರದು ಎಂದ. ನಿಧಾನ ಓಡಿಸುವುದಾದರೆ ಮುಂದೆ ಒಬ್ಬರು ಕೂರಬಹುದು. ನನಗೆ ಒಳಗೊಳಗೇ ಖುಷಿ. ಹತ್ತೊಂಬತ್ತು ವರ್ಷದ ನಾಚಿಕೆಗೆ ಈ ಭಾನುವಾರ ಮುಹೂರ್ತ!

ಭಾನುವಾರ ಮುಂದಿನ ಬಾಗಿಲು ತೆರೆದು ನಿಂತೆ. "ಹಿಂದೆ ಭಾರ ಹಾಕ್ಲಿಕ್ಕೆ ಇಲ್ಲ, ಮೆಕ್ಯಾನಿಕ್ ಹೇಳಿದ್ದಾನೆ. ಕೂತ್ಕೊಳ್ಳಿ."

"ರೈಲಲ್ಲಿ ಹೋಗುವನಾ?"

"ಡೊಂಬಿವಲಿಯಿಂದ ಕಾಮೋಠೆಗೆ ರೈಲಲ್ಲಿ ಎರಡು ಸಲ ಇಳಿದು ಹತ್ತಬೇಕು. ಯಾರು ನೋಡಿ ಎಂತ ಆಗ್ಲಿಕ್ಕುಂಟು ನಿಮ್ಗೆ?"

ಅವರು ಕೂತರು. ಬೆಲ್ಟನ್ನು ಎರಡು ಸಲ ಎಳೆದು ನೋಡಿದರು. ದಾರಿಯುದ್ದಕ್ಕೂ ನಾನು ಓರೆಗಣ್ಣಿನಲ್ಲಿ ಅವರನ್ನೇ ಗಮನಿಸುತ್ತಿದ್ದೆ. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಶಿಳ್ ಫಾಟಾದಲ್ಲಿ ಕಂಟೇನರ್ ಲಾರಿಯೊಂದು ಪಕ್ಕಕ್ಕೆ ಬಂದಾಗ ಕಣ್ಣು ಮುಚ್ಚಿದರು. ಎಷ್ಟು ಬೇಕೋ ಅಷ್ಟು ನಾಟಕ ಎಂದುಕೊಂಡೆ.

ಕಾಮೋಠೆಯ ಗೇಟಿನಲ್ಲಿ ಮಗ ನಿಂತಿದ್ದ. ನನ್ನನ್ನು ನೋಡಲೇ ಇಲ್ಲ. ಓಡಿಬಂದು ಆ ಬಾಗಿಲು ತೆರೆದು ಅವರ ಕೈ ಹಿಡಿದ. "ಪಪ್ಪಾ ಮುಂದೆ? ಅಮ್ಮಾ, ತೂನೇ ಇನ್‌ಕೋ ಮುಂದೆ ಕೂರ್ಸಿದ್ಯಾ?" ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಇವರು ಎಂದೋ ಅವನೊಬ್ಬನಿಗೆ ಬಾಯಿಬಿಟ್ಟಿದ್ದನ್ನು ಮೆಟ್ಟಿಲ ಬಳಿ ನಿಂತು ಮಗನೇ ಹೇಳಿದ. ಮದುವೆಗೆ ಮುಂಚೆ ಇವರು ದಿನಾ ಬೆಳಿಗ್ಗೆ ಹೋಟೆಲಿನ ಟೆಂಪೋದಲ್ಲಿ, ಡ್ರೈವರನ ಪಕ್ಕ ಕೂತು, ತುರ್ಭೆಗೆ ತರಕಾರಿ ತರಲು ಹೋಗುತ್ತಿದ್ದರಂತೆ. ಒಂದು ದಿನ ನಿಂತಿದ್ದ ಲಾರಿಗೆ ಟೆಂಪೋ ನುಗ್ಗಿತು. ಡ್ರೈವರ್ ಉಳಿಯಲಿಲ್ಲ. ಮುಂದಿನ ಗಾಜು ಇವರ ಗಲ್ಲದ ಕೆಳಗೆ ಹೊಕ್ಕಿತು. ಆ ಗಾಯದ ಗುರುತನ್ನು ನಾನು ಮದುವೆಯಾದ ದಿನದಿಂದ ನೋಡುತ್ತಿದ್ದೇನೆ. ಹೋಟೆಲಿನಲ್ಲಿ ಜಾರಿಬಿದ್ದದ್ದು ಎಂದಿದ್ದರು, ನಾನು ನಂಬಿದ್ದೆ. ಮೂವತ್ತು ವರ್ಷ ಊರಿನವರ ಅಪಘಾತಗಳನ್ನೆಲ್ಲ ಕೆದಕಿದವಳು, ನಂಬಿದ ಸುಳ್ಳು ಇದೊಂದೇ.

"ಮತ್ತೆ ಆ ಫೋನು?" ಎಂದೆ.

"ಗಾಡಿ ಹಿಂದೆ ತೂಗ್ತದೆ, ಒಳ್ಳೆ ಕಡೆ ತೋರ್ಸು, ಅಮ್ಮನಿಗೆ ನಾನು ಹೇಳಿದ್ದು ಅಂತ ಗೊತ್ತಾಗೋದು ಬೇಡ ಅಂದ್ರು. ಮಾರೋ ಯೋಚನೆ ನಂದೇ" ಎಂದು ಮಗ ತಲೆ ತಗ್ಗಿಸಿದ.

ಇವರನ್ನು ನೋಡಿದೆ. "ಇಷ್ಟು ವರ್ಷ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಗಾಡಿ ಕಲೀತಿದ್ಯಾ?" ಎಂದು ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

ನನಗೆ ಅಳು ಬಂತು, ಮಗನ ಎದುರೇ ಅತ್ತೆ. ಆ ದಿನ ಇಬ್ಬರೂ ರೈಲಿನಲ್ಲಿ, ಎರಡು ಸಲ ಇಳಿದು ಹತ್ತಿ, ಮನೆಗೆ ಬಂದೆವು. ಮಗ ಸೋಮವಾರ ಕಾರನ್ನು ಉಲ್ಹಾಸನಗರಕ್ಕೆ ತಲುಪಿಸಿದ.

ಮುಂದಿನ ಭಾನುವಾರ ಸಂಜೆ, ರಿಪೇರಿಯಾಗಿ ಬಂದ ಕಾರಿಗೆ ಮೊಮ್ಮಗಳು ತಾನೇ ಓಡಿಬಂದು ಹಿಂದೆ ಬಲಗಡೆ ಕೂತಳು. ಮಗ ಬೇಡವೆನ್ನಲಿಲ್ಲ. ಇವರು ಮುಂದಿನ ಬಾಗಿಲಿನ ಹತ್ತಿರ ಬಂದು, ಹಿಡಿಕೆಗೆ ಕೈಯಿಟ್ಟು, ನನ್ನ ಮುಖ ನೋಡುತ್ತ ನಿಂತರು. ನಾನು ಇಳಿದು, ಕಾರನ್ನು ಸುತ್ತಿ ಹೋಗಿ, ಹಿಂದಿನ ಎಡಬಾಗಿಲನ್ನು ತೆರೆದು ಹಿಡಿದೆ. ಗೇಟಿನ ಬಳಿ ನಾಲ್ಕು ಜನ ನೋಡುತ್ತಿದ್ದರು. ಡ್ರೈವರ್ ಎಂದುಕೊಂಡಿರಬೇಕು, ಅಂದುಕೊಳ್ಳಲಿ.