ಹಾಲಿನ ಕವರಿನೊಳಗಿನ ಹಾಲ್ ಟಿಕೆಟ್

ಕಸ ಆರಿಸುವ ಬೆಲ್ಟಿನ ಮುಂದೆ ನಿಂತವಳಿಗೆ ಡಿಗ್ರಿ ಆಗುವ ಮಾತೇ ಅಲ್ಲ ಎಂದು ಮೊದಲು ಹೇಳಿದವನು ನಮ್ಮ ಶೆಡ್ಡಿನ ಕೆಲಸ ನೋಡಿಕೊಳ್ಳುವ ಮುಕಾದಮ. "ಬರ್ದಿಟ್ಕೊ ತಂಗಿ, ಮೂರು ವರ್ಷ ಎಲ್ಲಾ ನಿಂಗೆ ಎಳೂಕಾಗೂದಿಲ್ಲ."

ಬಾಳೆಗುಳಿ ದಾಟಿ ಹೆದ್ದಾರಿಯ ಪಕ್ಕದಲ್ಲಿತ್ತು ಆ ಶೆಡ್ಡು. ಊರೂರಿನ ಒಣ ಕಸ ಲಾರಿಯಲ್ಲಿ ಬಂದು ಬೆಲ್ಟಿನ ಮೇಲೆ ಹರಿಯುತ್ತಿತ್ತು. ನಾವು ಹೆಂಗಸರು ಎರಡೂ ಬದಿ ನಿಂತು ಬಾಟಲಿ, ರಟ್ಟು, ತಗಡು ಆರಿಸಿ ಬೇರೆ ಬೇರೆ ಚೀಲಕ್ಕೆ ಹಾಕುತ್ತಿದ್ದೆವು. ನನ್ನ ಹೆತ್ತ ಅವ್ವಿ ನನ್ನ ಎದುರಿಗೇ ನಿಲ್ಲುತ್ತಿದ್ದಳು. ಯಂತ್ರದ ಸದ್ದು, ಬಾಯಿಗೆ ಕಟ್ಟಿದ ಬಟ್ಟೆ; ಒಂದು ಮಾರು ದೂರದಲ್ಲಿದ್ದರೂ ಮಧ್ಯಾಹ್ನದಿಂದ ಸಂಜೆಯ ತನಕ ಮಾತಿಲ್ಲ. ಬೆಳಿಗ್ಗೆ ಕಾರವಾರದ ಕಾಲೇಜಿನಲ್ಲೂ ಅಷ್ಟೇ. ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಎಷ್ಟು ಸೋಪು ತಿಕ್ಕಿದರೂ ಹೋಗದ ವಾಸನೆ ಇತ್ತೇನೋ. ಕೇಳೋಣವೆಂದರೆ ಯಾರನ್ನು ಕೇಳುವುದು?

ಕೊನೆಯ ವರ್ಷದ ಪರೀಕ್ಷೆಗೆ ಒಂದು ದಿನ ಉಳಿದಿತ್ತು. ಕಾಲೇಜಿನಿಂದ ತಂದ ಹಾಲ್ ಟಿಕೆಟ್ಟನ್ನು, ಸಾರು ಸೋರಿ ಒದ್ದೆಯಾಗದಿರಲಿ ಎಂದು, ತೊಳೆದ ಹಾಲಿನ ಕವರಿನಲ್ಲಿಟ್ಟು ಬುತ್ತಿಚೀಲಕ್ಕೆ ಹಾಕಿದೆ. ಬುತ್ತಿ ತೆಗೆಯಹೋದ ಅವ್ವಿಯ ಕೈಗೆ ಅದು ಸಿಕ್ಕಿತು. ಅವ್ವಿಗೆ ಓದು ಬಾರದು. ಕೈ ತನ್ನ ಪಾಡಿಗೆ ದಿನದ ಕೆಲಸ ಮಾಡಿತು: ಕವರು ಪ್ಲಾಸ್ಟಿಕ್ಕಿಗೆ, ಕಾಗದ ಕಾಗದಕ್ಕೆ.

ನಾನು ಹುಡುಕುವ ಹೊತ್ತಿಗೆ ಕಾಗದವನ್ನೆಲ್ಲ ಯಂತ್ರದಲ್ಲಿ ಒತ್ತಿ, ತಂತಿ ಬಿಗಿದು, ದೊಡ್ಡ ಕಟ್ಟು ಮಾಡಿಯಾಗಿತ್ತು.

"ಅದ್ರಲ್ಲಿ ನಿನ್ನ ಫೋಟೊ ಇತ್ತೇನೆ?" ಅವ್ವಿ ಕೇಳಿದಳು. "ನಾ ನೋಡ್ಲೇ ಇಲ್ವಲ್ಲೇ."

ಮುಕಾದಮ ನಗುತ್ತಾನೆ ಅಂದುಕೊಂಡೇ ಹೋದೆ. ನಕ್ಕ. "ಕಸ ಹೆಕ್ಕೂಕೆ ಬಂದು ನಿನ್ನನ್ನೇ ಕಸಕ್ಕೆ ಹಾಕ್ಕಂಡ್ಯಲ್ಲೇ ಮಾರಾಯ್ತಿ!" ಅಂದವನು ಇಕ್ಕಳ ತಂದು ತಂತಿ ಕತ್ತರಿಸಿದ. "ಲಾರಿ ಬರೂದ್ರೊಳಗೆ ಹುಡ್ಕಿ."

ನೆಲದ ಮೇಲೆ ಕೂತೆವು. ಮದುವೆ ಕಾಗದ, ಔಷಧಿ ಚೀಟಿ, ಯಾರದೋ ಮಕ್ಕಳ ಬರೆಯುವ ಪಟ್ಟಿ. ನಾನು ಅಕ್ಷರ ಹುಡುಕುತ್ತಿದ್ದೆ, ಅವ್ವಿ ನನ್ನ ಮುಖ. ಸಿಕ್ಕಿದ್ದು ಅವಳಿಗೇ.

ಪಾಸಾದೆ, ಎರಡನೇ ದರ್ಜೆ. ಶೆಟಗೇರಿಯ ನಮ್ಮ ಕೇರಿಯಲ್ಲಿ ಅಲ್ಲಿಯವರೆಗೆ ಯಾರೂ ಡಿಗ್ರಿ ಮುಗಿಸಿರಲಿಲ್ಲ. ಇದನ್ನು ನಾನು ಇಂದಿಗೂ ಜೋರಾಗಿಯೇ ಹೇಳುತ್ತೇನೆ. ಆದರೆ ಅಂದು ಹೇಳಿಕೊಳ್ಳಲು ಕಾಲೇಜಿನಲ್ಲಿ ಒಬ್ಬ ಗೆಳತಿಯೂ ಇರಲಿಲ್ಲ.

ಪ್ರಮಾಣಪತ್ರ ತರಲು ಅವ್ವಿಯೂ ಬಂದಳು. ಗುಮಾಸ್ತರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಟಕಿಯಿಂದ ಕೊಟ್ಟರು. ನಾನು ಅವ್ವಿಯ ಕಡೆ ಚಾಚಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನೀನೇ ಹಿಡ್ಕೊ ಮಗಾ. ಈ ಕೈಗೆ ಕವರು-ಕಾಗದ ಬೇರೆ ಮಾಡೂದೊಂದೇ ಗೊತ್ತು."