ಹೊಳೆ ದಾಟದ ದನಗಳು

ನನ್ನ ನೆನಪಿನ ಪ್ರಕಾರ, ನಾನು ಕಂಪ್ಯೂಟರಿನಲ್ಲಿ ಬರೆದ ಮೊದಲ ಸಿಡಿ ಡಿಸ್ಕನ್ನು ಹಚ್ಚಿ ನೋಡಿದ ಮಧ್ಯಾಹ್ನ ಚಳ್ಳಕೆರೆಯಲ್ಲಿ ಜೋರು ಮಳೆ. ಇದು ಸುಳ್ಳಿರಬೇಕು. ಅಂಗಡಿಯ ತಗಡಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು ಎಂಬುದೂ ಅದೇ ನೆನಪಿನೊಳಗಿದೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಮಳೆ ಎಲ್ಲಿಂದ ಬಂತೆಂದು ಬಹಳ ಕಾಲ ಹೊಳೆದಿರಲಿಲ್ಲ. ಈಗ ಅನ್ನಿಸುತ್ತದೆ, ಅದು ಡಿಸ್ಕಿನ ಸದ್ದು. ನನ್ನ ಲಿನಕ್ಸ್ ಪ್ರೋಗ್ರಾಮು ಧ್ವನಿಯ ಅಂಕಿಗಳನ್ನು ಹಿಂದುಮುಂದು ಮಾಡಿ ಬರೆದಿತ್ತು. ಹಾಗೆ ಬರೆದ ಹಾಡು ಹಾಡಾಗಿ ಕೇಳುವುದಿಲ್ಲ, ತಗಡಿನ ಮೇಲೆ ಒಂದೇ ಸಮನೆ ಸುರಿಯುವ ಮಳೆಯ ಹಾಗೆ ಕೇಳುತ್ತದೆ. ಆ ಸದ್ದು ಹೇಗೋ ಡಿಸ್ಕಿನಿಂದ ಹೊರಗೆ ಬಂದು ಬೀದಿಯನ್ನೇ ನೆನೆಸಿಬಿಟ್ಟಿದೆ. ಇಂಥ ನೆನಪನ್ನು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ಇಬ್ಬರದು. ಮುಂದಿನ ಅರ್ಧದಲ್ಲಿ ಗೆಳೆಯ ಟೇಪ್‌ರೆಕಾರ್ಡರು, ರೇಡಿಯೋ, ಆಮೇಲೆ ಬಂದ ಸಿಡಿ ಪ್ಲೇಯರು ಎಲ್ಲ ರಿಪೇರಿ ಮಾಡುತ್ತಿದ್ದ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಹಿಂದಿನ ಅರ್ಧದಲ್ಲಿ ನನ್ನ ಕಂಪ್ಯೂಟರು. ಮದುವೆ ಪತ್ರಿಕೆ, ಅರ್ಜಿ, ಕರಪತ್ರ ಟೈಪ್ ಮಾಡಿಕೊಡುತ್ತಿದ್ದೆ. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಡಿಸ್ಕಿನಿಂದ ಲಿನಕ್ಸ್ ಹಾಕಿಕೊಂಡಿದ್ದೆ. ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯುವಾಗ ನನಗೆ ನಾನೇ ದೊಡ್ಡವನಾಗಿ ಕಾಣುತ್ತಿದ್ದೆ. ಗೆಳೆಯನಿಗೆ ಹಾಗೆ ಕಾಣುತ್ತಿರಲಿಲ್ಲ. ಆ ಮಳೆಯ ಸದ್ದು ಕೇಳಿ ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, "ಲೇ, ನಿಮ್ಮ ಮಾವ ಗಣೆ ಊದ್ತಾನೋ, ಮೆಣಸಿನಕಾಯಿ ಬಜ್ಜಿ ಕರೀತಾನೋ?" ಅಂದ.

ಮಾವ ಎಂದರೆ ನನ್ನ ಅವ್ವನ ತಮ್ಮ. ಮೊಳಕಾಲ್ಮೂರಿನಲ್ಲಿ ಮಗ್ಗದ ಮನೆಗಳ ಸಾಲಿನಲ್ಲಿ ಒಂದು ಬಾಡಿಗೆ ಮನೆ. ಅತ್ತೆ ನೇಕಾರರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಮಾವ ಹರೆಯದಲ್ಲಿ ಕುದಾಪುರದ ಕಡೆಯ ಕಾವಲಿನ ಹುಲ್ಲುಬಯಲಿನಲ್ಲಿ ದನ ಮೇಯಿಸಿದವನು. ಆಮೇಲೆ ಕಂಡಕಂಡ ಕೂಲಿ ಮಾಡಿದ. ಆದರೆ ನಮ್ಮ ಜನರಿಗೆ ಅವನು ಗಣೆ ಊದುವವನು. ಗಣೆ ಎಂದರೆ ಹೆಚ್ಚುಕಡಿಮೆ ಆಳೆತ್ತರದ ಬಿದಿರಿನ ಕೊಳಲು. ಇಬ್ಬರು ಕೂತು ಊದಬೇಕು, ನಡುನಡುವೆ ಕತೆ ಹಾಡಬೇಕು. ನಮ್ಮಲ್ಲಿ ಒಂದು ಕಟ್ಟುಪಾಡು. ಕತೆ ನಡೆಯುವಾಗ ದನಿ ಕಡಿಯಬಾರದು. ಒಬ್ಬ ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬ ಊದುತ್ತಿರಬೇಕು. ಎರಡೂ ಗಣೆ ಸುಮ್ಮನಾದವೆಂದರೆ ಕತೆ ಅಲ್ಲಿಗೆ ಮುಗಿಯಿತು. ಕೂತವರೆಲ್ಲ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಏಳಬೇಕು. ಬಿಟ್ಟ ಜಾಗದಿಂದ ಮತ್ತೆ ಶುರು ಮಾಡುವಂತಿಲ್ಲ. ಬೇಕಾದರೆ ಇನ್ನೊಂದು ದಿನ, ಮೊದಲಿನಿಂದ.

ಮಾವನಿಗೆ ಲಕ್ವ ಹೊಡೆದದ್ದು ಊದುತ್ತಿರುವಾಗಲೇ. ಕತೆಯಲ್ಲಿ ಅಣ್ಣತಮ್ಮ ಮೇವು ಹುಡುಕಿ ದೂರ ಹೋಗಿರುತ್ತಾರೆ, ತಿರುಗಿ ಬರುವಾಗ ಹೊಳೆ ತುಂಬಿರುತ್ತದೆ, ದನಗಳನ್ನು ನೀರಿಗಿಳಿಸಿ ಆಚೆ ದಡಕ್ಕೆ ಸೇರಿಸಬೇಕು. ಇನ್ನೂ ಹೊಳೆ ಬಂದಿರಲಿಲ್ಲ, ಅವನ ಎಡಗಡೆಯ ತುಟಿ ಜಾರಿತು. ನಾನು ಅಲ್ಲಿರಲಿಲ್ಲ. ಇದ್ದಂತೆ ನೆನಪಾಗುತ್ತದೆ. ಅತ್ತೆ ಅಷ್ಟು ಸಲ ಹೇಳಿದ್ದಾಳೆ. ಬಲಗಾಲು ಬಲಗೈ ಸರಿಯಿದ್ದವು, ಕೋಲೂರಿ ಓಡಾಡುತ್ತಿದ್ದ, ಮಾತು ಸ್ವಲ್ಪ ತೊದಲುತ್ತಿತ್ತು. ಆದರೆ ಗಣೆಗೆ ಬೇಕಾದ ತುಟಿ ಹೋಗಿತ್ತು. ಅರ್ಧಕ್ಕೆ ನಿಂತ ಕತೆಯನ್ನು ಶುರು ಮಾಡಿದವನೇ ಆಮೇಲೆ ಒಂದು ಸಲವಾದರೂ ಕೊನೆ ಮುಟ್ಟಿಸಬೇಕು, ಇದೂ ಕಟ್ಟುಪಾಡು. ಅವನು ಊಟಕ್ಕೆ ಕೂತರೂ ಅದೇ ಮಾತು.

"ದನ ದಾರ್‍ಯಾಗೆ ಬಿಟ್ಟು ನಾನು ಮನೀಗೆ ಬಂದೀನಿ ಕಣೋ ಅಳಿಯ."

ಆಗ ಎಲ್ಲರಿಗೂ ಡಿಸ್ಕು ನೆನಪಾಯಿತು. ಹಿಂದಿನ ವರ್ಷ ಯಾವುದೋ ದೂರದ ಊರಿನಿಂದ ಇಬ್ಬರು ಬಂದು ಅದೇ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ರೆಕಾರ್ಡ್ ಮಾಡಿಕೊಂಡು ಹೋಗಿ, ಒಂದು ಸಿಡಿಯನ್ನು ಅಂಚೆಯಲ್ಲಿ ಕಳಿಸಿದ್ದರು. ಊದಿದ್ದು ಮಾವನೇ. ಅದರೊಳಗಿರುವುದು ಅವನದೇ ಉಸಿರು. ಅದು ಕೊನೆಯವರೆಗೆ ನುಡಿದು ಅವನು ಕೂತು ಕೇಳಿ ಎದ್ದರೆ ಕತೆ ಮುಗಿದ ಲೆಕ್ಕ ಎಂದು ನಮ್ಮ ಹಿರಿಯರೊಬ್ಬರು ಹೇಳಿದರಂತೆ. ಮಾವ ಒಪ್ಪಿದ. ಸೆಲ್ ಹಾಕುವ ಪ್ಲೇಯರೊಂದು ಮನೆಯಲ್ಲಿತ್ತು. ಹಚ್ಚಿದರೆ ಡಿಸ್ಕು ತಿರುಗಿತು, ನುಡಿಯಲಿಲ್ಲ.

ಕಾರಣ ತಿಳಿದದ್ದು ಅದನ್ನು ನಮ್ಮ ಅಂಗಡಿಗೆ ತಂದ ಮೇಲೆ. ಗೆಳೆಯ ಬೆರಳಿನಿಂದ ಸವರಿ, ಮೂಸಿ ನೋಡಿದ. ಹರಳೆಣ್ಣೆ. ವರ್ಷಕ್ಕೊಮ್ಮೆ ಗಣೆಗೆ ಪೂಜೆ ಮಾಡಿ, ಬಿದಿರು ಸೀಳದಿರಲೆಂದು ಹರಳೆಣ್ಣೆ ಉಜ್ಜಿ ವಿಭೂತಿ ಹಚ್ಚುವುದು ನಮ್ಮ ರೂಢಿ. ಆ ಸಲ ಡಿಸ್ಕಿಗೂ ಆಗಿತ್ತು. ಎಣ್ಣೆ ಯಾಕೆ ಹಚ್ಚಿದಿರಿ ಎಂದು ಆಮೇಲೆ ಅತ್ತೆಯನ್ನು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಗಣೆ ಇದ್ರಾಗೂ ಐತಲ್ಲ. ಒಣಗಿ ಸೀಳು ಬಿಟ್ರೆ?"

ಸೋಪಿನ ನೀರಲ್ಲಿ ತೊಳೆದೆವು. ಎಣ್ಣೆ ಹೋಯಿತು, ವಿಭೂತಿಯ ಪುಡಿ ಉಜ್ಜಿದ ಗೀರುಗಳು ಉಳಿದವು. ಯಾವ ಪ್ಲೇಯರೂ ಅದನ್ನು ಒಪ್ಪಲಿಲ್ಲ. ಕಂಪ್ಯೂಟರು ಮಾತ್ರ ತಿಣುಕಿ ಓದಿತು. ಲಿನಕ್ಸಿನಲ್ಲಿ ಓದುವ ಪ್ರೋಗ್ರಾಮೊಂದಿತ್ತು. ಕೆಟ್ಟ ಜಾಗ ಸಿಕ್ಕರೆ ಹಿಂದೆ ಹೋಗಿ ಮತ್ತೆ ಮತ್ತೆ ಓದುತ್ತಿತ್ತು. ಪರದೆಯ ಮೂಲೆಯಲ್ಲಿ ಚುಕ್ಕೆ-ಗೆರೆಗಳ ಒಂದು ಪುಟ್ಟ ಮುಖ. ಓದು ಸಲೀಸಾದರೆ ನಗುತ್ತಿತ್ತು, ಕಷ್ಟವಾದರೆ ಬಾಯಿ ಸೊಟ್ಟಗಾಗುತ್ತಿತ್ತು. ಗೆಳೆಯ ಅದನ್ನು ನೋಡಿ ಸ್ಕ್ರೂಡ್ರೈವರ್ ಎತ್ತಿಕೊಂಡು ತನ್ನ ಕಡೆಗೆ ಹೋದ. ನನಗೂ ಮಾವನ ಬಾಯಿಯೇ ನೆನಪಾಗಿತ್ತು.

ಹಾಗೆ ಓದಿದ್ದನ್ನು ಖಾಲಿ ಡಿಸ್ಕುಗಳಿಗೆ ಬರೆಯತೊಡಗಿದೆ. ಇಲ್ಲಿಂದ ಮುಂದಿನ ಕ್ರಮಕ್ಕೆ ನಾನು ಜವಾಬ್ದಾರನಲ್ಲ. ಮಳೆಯ ಡಿಸ್ಕು ಮೊದಲನೆಯದು, ಅದು ಸರಿ. ಕರೆಂಟು ಹೋಗಿ ಅರ್ಧಕ್ಕೆ ಸತ್ತದ್ದು ಎರಡನೆಯದೋ ನಾಲ್ಕನೆಯದೋ. ಇನ್ನೊಂದು ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ನುಡಿದು ಗೆಳೆಯನ ಪ್ಲೇಯರಿನಲ್ಲಿ ಖಾಲಿ ಡಿಸ್ಕೆಂದು ತೋರಿಸಿತು. ಬರೆದ ಮೇಲೆ ಕೊನೆಯಲ್ಲಿ ಡಿಸ್ಕನ್ನು ಮುಚ್ಚುವ ಆಜ್ಞೆ ಕೊಡಬೇಕಿತ್ತು, ಕೊಟ್ಟಿರಲಿಲ್ಲ. ಹಾಳಾದವನ್ನು ಗೆಳೆಯ ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದ. ಬಿಸಿಲು ಬಿದ್ದಾಗ ಅಂಗಡಿ ತುಂಬ ಬಣ್ಣ ಓಡಾಡುತ್ತಿತ್ತು. ಜನ ಚೆಂದ ಐತೆ ಎನ್ನುತ್ತಿದ್ದರು.

ಕಡೆಗೊಂದು ಸರಿಯಾಯಿತು. ಅವನ ಪ್ಲೇಯರಿನಲ್ಲಿ ಹಾಕಿ ಶುರುವನ್ನು ಕೇಳಿದೆವು. ಗಣೆಯ ದನಿ ಬಂತು. ಸಾಕೆಂದು ಬಸ್ಸು ಹತ್ತಿದೆ.

ಮಾವ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಗೋಡೆಗೊರಗಿ ಕೂತ. ಅತ್ತೆ ನೂಲಿನ ಕೆಲಸ ಬಿಟ್ಟು ಬಂದಳು. ಅವಳ ಸೀರೆ ಹಸಿರು ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಕತೆ ನಡೆಯಿತು. ಮಾವನ ಸರಿಯಿದ್ದ ಕೈಯ ಬೆರಳುಗಳು ತೊಡೆಯ ಮೇಲೆ ತೂತುಗಳನ್ನು ಮುಚ್ಚಿ ತೆರೆಯುತ್ತಿದ್ದವು. ತುಂಬಿದ ಹೊಳೆ ಬಂತು. ದನಗಳು ನೀರಿಗಿಳಿದವು. ಅಲ್ಲಿ ಎರಡೂ ಗಣೆ ಒಟ್ಟಿಗೆ ನಿಂತವು.

ಎರಡು ಸೆಕೆಂಡು. ಮೂಲ ಡಿಸ್ಕಿನಲ್ಲಿ ರೆಕಾರ್ಡ್ ಮಾಡಿದವರು ತಮಗೆ ತೋಚಿದ ಕಡೆ ಟ್ರ್ಯಾಕಿನ ಗುರುತು ಹಾಕಿದ್ದರು, ಮೊದಲನೆಯದು ಹೊಳೆಯ ನಡುವೆಯೇ, ಆದರೆ ದನಿ ಕಡಿದಿರಲಿಲ್ಲ. ನನ್ನ ಪ್ರೋಗ್ರಾಮು ಒಂದೊಂದು ಟ್ರ್ಯಾಕನ್ನು ಬೇರೆಬೇರೆಯಾಗಿ ಬರೆದು, ನಡುವೆ ಎರಡು ಸೆಕೆಂಡು ಖಾಲಿ ಬಿಟ್ಟಿತ್ತು. ಮಾವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಗಣೆ ಮತ್ತೆ ಶುರುವಾಗಿತ್ತು. ಅತ್ತೆ ಗಾಬರಿಯಿಂದ ಕೈ ಚಾಚಿ ಆರಿಸಿದಳು. ಇದು ಯಂತ್ರದ ತಪ್ಪು, ಕತೆ ಮುಗಿದಿಲ್ಲ ಎಂದೆ. ಮಾವ ಕೋಲು ಹಿಡಿದು ಎದ್ದುನಿಂತಿದ್ದ.

"ಮೊದ್ಲು ದಾರ್‍ಯಾಗಿದ್ವು. ಈಗ ನೀರಾಗೆ ನಿಂತವೆ."

ಅವನು ಬೈಯಲಿಲ್ಲ. ಸರಿ ಮಾಡಿ ತರುತ್ತೇನೆ, ಅಲ್ಲಿಯವರೆಗೆ ಇದು ಇರಲಿ ಎಂದು ಡಿಸ್ಕನ್ನು ಅಲ್ಲೇ ಬಿಟ್ಟುಬಂದೆ.

ಕ್ಯಾಸೆಟ್ಟಿಗೆ ಹಾಕಿಕೊಡೋಣ ಎಂದ ಗೆಳೆಯ. ಆಮೇಲೆ ಅವನೇ, ಅರ್ಧಕ್ಕೆ ಮಗುಚಬೇಕಲ್ಲ ಲೇ, ಅಂದ. ಇಡೀ ಡಿಸ್ಕನ್ನು ನಡುವೆ ನಿಲ್ಲಿಸದೆ ಬರೆಯುವ ರೀತಿ ಇದೆಯೆಂದು ಪ್ರೋಗ್ರಾಮಿನ ಸಹಾಯದ ಪುಟಗಳಲ್ಲಿ ಇತ್ತು. ಡಿಸ್ಕು ಬರೆಯುವ ನನ್ನ ಸಿಡಿ ರೈಟರಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಆಜ್ಞೆ ಕೊಟ್ಟರೆ ಒಂದು ಸಾಲು ಬೈಗುಳ ತೋರಿಸಿ ಟ್ರೇ ಹೊರಗೆ ಚಾಚುತ್ತಿತ್ತು. ಟ್ರ್ಯಾಕುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಒಂದೇ ಟ್ರ್ಯಾಕು ಮಾಡಬಹುದೆಂದು ಹೊಳೆದದ್ದು ಎಷ್ಟೋ ವಾರಗಳ ಮೇಲೆ. ಹಾಗೆ ಅಂಟಿಸಿದಾಗ ಒಂದೊಂದು ಬೆಸುಗೆಯಲ್ಲೂ ಟಕ್ಕೆಂಬ ಸದ್ದು. ಫೈಲಿನ ತಲೆಯಲ್ಲಿರುವ ವಿವರವೂ ದನಿಯೊಳಗೆ ಸೇರಿಕೊಳ್ಳುತ್ತಿತ್ತು. ಅದನ್ನು ಕತ್ತರಿಸುವುದು ಕಲಿತೆ. ಬೆಸುಗೆಗಳನ್ನು ಮಾತ್ರ ಮತ್ತೆ ಮತ್ತೆ ಕೇಳಿದೆ, ಹಿಂದೆ ಸ್ವಲ್ಪ, ಮುಂದೆ ಸ್ವಲ್ಪ. ಗೆಳೆಯನಿಗೆ ಯಾವ ಜಾಗವೆಂದು ಹೇಳದೆ ಕೇಳಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿ, ಎಲ್ಲಿ ಲೇ, ಅಂದ. ಅವತ್ತು ಇಬ್ಬರೂ ಖುಷಿಯಾಗಿದ್ದೆವು. ಈ ಒಂದು ನೆನಪನ್ನು ನಾನು ಪರೀಕ್ಷೆಗೆ ಹಚ್ಚುವುದಿಲ್ಲ.

ಮೊಳಕಾಲ್ಮೂರಿಗೆ ಹೋದಾಗ ಅತ್ತೆ ಬಾಗಿಲಲ್ಲೇ ಸಿಕ್ಕಳು. ನಾನು ಬಿಟ್ಟುಹೋದ ಡಿಸ್ಕನ್ನು ಮಾವ ದಿನಾ ಸಂಜೆ ಹಾಕಿಸಿಕೊಳ್ಳುತ್ತಾನೆ ಎಂದಳು. ಹೊಳೆಯವರೆಗೆ ಕೇಳುತ್ತಾನೆ, ನಿಂತ ಕೂಡಲೇ ನೆಲ ಮುಟ್ಟಿ ಏಳುತ್ತಾನೆ, ಅವಳು ಆರಿಸುತ್ತಾಳೆ. ಮಾರನೇ ದಿನ ಮೊದಲಿನಿಂದ. ಒಂದು ದಿನವಾದರೂ ದಾಟಬಹುದೆಂದು ಅವನಿಗೆ ಆಸೆಯಂತೆ. ಇವತ್ತು ದಾಟುತ್ತವೆ ಎಂದೆ.

ಮತ್ತೆ ವಿಭೂತಿ, ಮತ್ತೆ ಗೋಡೆ. ಹೊಸ ಡಿಸ್ಕು ನುಡಿಯಿತು. ನಾನು ಕತೆ ಕೇಳುತ್ತಿರಲಿಲ್ಲ, ಬೆಸುಗೆಗೆ ಕಾಯುತ್ತಿದ್ದೆ. ದನಗಳು ನೀರಿಗಿಳಿದವು. ಗಣೆ ನಿಲ್ಲಲಿಲ್ಲ. ಒಬ್ಬ ಉಸಿರು ತೆಗೆದುಕೊಂಡ, ಇನ್ನೊಬ್ಬ ಊದಿದ, ದನಿ ಎಲ್ಲೂ ಕಡಿಯದೆ ಆ ಜಾಗವನ್ನು ದಾಟಿ ಮುಂದೆ ಹೋಯಿತು. ನಾನು ಅತ್ತೆಯ ಮುಖ ನೋಡಿದೆ. ಅವಳು ಮಾವನನ್ನು ನೋಡುತ್ತಿದ್ದಳು. ಮಾವ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

"ಮಾವ, ನಿಂತಿಲ್ಲ. ಊದ್ತಾ ಐತೆ, ಕೇಳು."

"ನಿಲ್ತು," ಅಂದ. "ನಂಗೆ ಕೇಳ್ತು."

ಕೋಲು ಹಿಡಿದು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅವನು ಎದ್ದ ಮೇಲೆ ಅತ್ತೆ ಕೂತಿರುವಂತಿರಲಿಲ್ಲ, ಎದ್ದಳು. ನಾನೂ ಎದ್ದೆ. ಖಾಲಿ ಕೋಣೆಯಲ್ಲಿ ಅವನು ಚೆನ್ನಾಗಿದ್ದಾಗಿನ ಉಸಿರು ಹಾಡುತ್ತಲೇ ಇತ್ತು. ನಾನು ಕಟ್ಟೆಗೆ ಹೋಗಿ ಅವನ ಪಕ್ಕ ನಿಂತು, ಡಿಸ್ಕಿನಲ್ಲಿ ದನಗಳು ದಾಟುತ್ತಿವೆ, ಇನ್ನು ಸ್ವಲ್ಪ ಹೊತ್ತಿಗೆ ಮನೆ ಸೇರುತ್ತವೆ ಎಂದೆ.

ಅವನು ಸೊಟ್ಟಗಾದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ನೀನು ಕೇಳೀಯಾ? ಸೇರಿದ್ದು?"

ನಾನು ಕೇಳಿರಲಿಲ್ಲ. ಅಷ್ಟು ವಾರ ಕೇಳಿದ್ದೆಲ್ಲ ಬೆಸುಗೆಗಳು. ಕೊನೆಯ ಟ್ರ್ಯಾಕು ಮುಗಿಯುವಲ್ಲಿ ಬೆಸುಗೆ ಇರಲಿಲ್ಲವಾದ್ದರಿಂದ ಅದನ್ನು ಕೊನೆತನಕ ಹಚ್ಚಿಯೇ ಇರಲಿಲ್ಲ. ಅವನು ಬೀದಿಯ ಕಡೆ ಮುಖ ಮಾಡಿದ. ಒಳಗೆ ಗಣೆ ತಟ್ಟನೆ ನಿಂತಿತು. ಕತೆ ಮುಗಿದು ನಿಂತದ್ದಲ್ಲ. ಸೆಲ್ ಸುಮ್ಮನೆ ತೀರುತ್ತವೆ ಎಂದು ಅತ್ತೆ ಮತ್ತೆ ಒಳಗೆ ಹೋಗಿ ಆರಿಸಿದ್ದಳು. ಬಾಗಿಲಿನಿಂದ ನೋಡಿದೆ. ಅವಳು ಡಿಸ್ಕನ್ನು ತೆಗೆದು, ಎಣ್ಣೆ ಹಚ್ಚದೆ, ಹಳೆಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ಒರಗಿಸಿದ್ದ ಗಣೆಯ ಬುಡದಲ್ಲಿಟ್ಟು ನೂಲಿನ ಕೆಲಸಕ್ಕೆ ಕೂತಳು.