ತೊಂಬತ್ತೊಂದನ್ನು ಒಡೆಯಬೇಡ

ಕಮಲಾಪುರದ ರೇವತಿಯ ನಿಶ್ಚಿತಾರ್ಥ ಅರ್ಧಕ್ಕೇ ಮುರಿದುಬಿತ್ತು. ಮದುವೆಯಾದ ಮೇಲೂ ಶಾಲೆಯಲ್ಲಿ ಕಲಿಸುತ್ತೇನೆ ಎಂದು ಅವಳು ಅಂದದ್ದೇ ನೆಪ. ವರ ವಿಶ್ವಾಸ ಬಂದವರೆಲ್ಲರ ಎದುರು ಎದ್ದುನಿಂತ. “ಇಕಿಗಿ ಬಿ.ಎಸ್ಸಿ. ಸೊಕ್ಕು ಭಾಳ ಅದ. ನನಗ ಬ್ಯಾಡ,” ಎಂದು ಹೊರಟೇಹೋದ. ಅಪ್ಪ ಅಮೋಘಪ್ಪ ಕೈಮುಗಿಯುತ್ತ ಅವನ ಹಿಂದೆ ಬಾಗಿಲತನಕ ಓಡಿದ್ದನ್ನು ರೇವತಿ ಮರೆಯಲಿಲ್ಲ. ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ.

ಅವಳು ಕಲಬುರಗಿಗೆ ಬಂದು ಖೂಬಾ ಪ್ಲಾಟ್ ಬಡಾವಣೆಯಲ್ಲಿ ಗಣಿತದ ಟ್ಯೂಷನ್ ಶುರುಮಾಡಿದಳು. ಹೆಸರಾಯಿತು. ಎಷ್ಟೋ ವರ್ಷದ ಮೇಲೆ ಒಂದು ಸಂಜೆ ವಿಶ್ವಾಸನೇ ಮಗಳ ಕೈಹಿಡಿದು ಬಂದ.

“ಹಳೇದೆಲ್ಲಾ ಮರತಬಿಡ್ರಿ. ನಿಮ್ಮಂಗ ಲೆಕ್ಕ ಯಾರೂ ಕಲಸಂಗಿಲ್ಲ ಅಂತಾರ,” ಎಂದು ನಕ್ಕ.

“ಕಳಸ್ರಿ,” ಅಂದಳು ರೇವತಿ. ಅಪ್ಪ ಬಾಗಿಲತನಕ ಓಡಿದ್ದು ಅವಳ ಕಣ್ಣಮುಂದೆ ಬಂದಿತ್ತು.

ಹುಡುಗಿ ವೈಷ್ಣವಿ ಚುರುಕು. ಅವಿಭಾಜ್ಯ ಅಪವರ್ತನದ ಪಾಠ ಬಂತು. ನೂರಾ ಎಂಬತ್ತೆರಡನ್ನು ಎರಡರಿಂದ ಭಾಗಿಸಿ ತೊಂಬತ್ತೊಂದಕ್ಕೆ ಬಂದು ನಿಂತಳು. “ಮೂರರಿಂದ ಹೋಗವಲ್ದು, ಐದರಿಂದನೂ ಹೋಗವಲ್ದು ಟೀಚರ್. ಏಳರಿಂದ ನೋಡ್ಲೇನ್ರಿ?”

“ನೋಡಬ್ಯಾಡ. ತೊಂಬತ್ತೊಂದು ಅವಿಭಾಜ್ಯ. ಅದನ್ನ ಒಡಿಯಾಕ ಬರಂಗಿಲ್ಲ.” ಸುಳ್ಳು ಸಲೀಸಾಗಿ ಬಂತು. ಏಳು ಹದಿಮೂರಲೆ ತೊಂಬತ್ತೊಂದು ಎಂದು ಅವಳಿಗೆ ಗೊತ್ತಿಲ್ಲವೇ!

ಶಾಲೆಯಲ್ಲಿ ವೈಷ್ಣವಿ ಬೋರ್ಡಿನ ಮೇಲೆ ಹಾಗೇ ಬರೆದಳು. ಮೇಷ್ಟ್ರು ತಿದ್ದಿದರೂ ಒಪ್ಪಲಿಲ್ಲ. “ನಮ್ಮ ರೇವತಿ ಟೀಚರ್ ತಪ್ಪು ಹೇಳಂಗಿಲ್ಲ,” ಎಂದು ವಾದಿಸಿದಳು. ತರಗತಿಯೆಲ್ಲ ನಕ್ಕಿತು, ಮೇಷ್ಟ್ರು ಅವಳನ್ನು ಹೊರಗೆ ನಿಲ್ಲಿಸಿದರು.

ಮರುದಿನ ವಿಶ್ವಾಸ ಮಗಳನ್ನು ಎಳೆದುಕೊಂಡು ಬಂದ. ಬೇರೆ ಮಕ್ಕಳ ತಾಯಂದಿರೂ ಅಲ್ಲೇ ಇದ್ದರು.

“ಏನ್ ಕಲಸಾಕತ್ತೀರಿ ನೀವು?”

“ಬೇಕಂತಲೇ ತಪ್ಪು ಕಲಸೀನಿ,” ಅಂದಳು ರೇವತಿ. “ಮಂದಿ ಮುಂದ ಮಗಳ ಮಾನ ಹೋದ್ರ ಹೆತ್ತಾವ್ರಿಗಿ ಹ್ಯಾಂಗಾಗ್ತದ, ಈಗ ತಿಳೀತೇನ್ರಿ? ನಮ್ಮಪ್ಪ ನಿಮ್ಮ ಬೆನ್ನ ಹಿಂದ ಕೈಮುಗಕೋತ ಬಂದಿದ್ದ.”

ವಿಶ್ವಾಸನ ಮುಖ ಕಪ್ಪಿಟ್ಟಿತು. ಆಗ ವೈಷ್ಣವಿ ಮೆಲ್ಲಗೆ ಕೇಳಿದಳು, “ಟೀಚರ್, ನಾ ಏನ್ ಮಾಡಿದ್ದೆ ರೀ?”

ರೇವತಿ ಎದ್ದು ಒಳಗೆ ಹೋದಳು.

ಸುದ್ದಿ ಹಬ್ಬಿ ಮಕ್ಕಳು ಬರುವುದು ನಿಂತಿತು. ರೇವತಿ ಕಮಲಾಪುರಕ್ಕೆ ಮರಳಿ ಒಂದು ಸಣ್ಣ ಶಾಲೆ ಸೇರಿದಳು. ವಿಶ್ವಾಸನ ಆ ಮುಖ ನೆನೆದರೆ ಇವತ್ತಿಗೂ ಅವಳಿಗೆ ಒಂದು ತುತ್ತು ಹೆಚ್ಚೇ ಸೇರುತ್ತದೆ. ಯಾರಾದರೂ ವೈಷ್ಣವಿಯ ಮಾತೆತ್ತಿದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.